ಬಿಸಿಲನ್ನು ನೆರಳಿನಿಂದ ಅಳೆಯಿರಿ: ಕಲಬುರಗಿ ಕಡೆಯವರಿಗೆ ಒಂದಿಷ್ಟು ಮಾತು

ಕಲಬುರಗಿಯಲ್ಲಿ ಬಿಸಿಲಿನಿಂದ ಕಾಯಿಲೆ ಬೀಳುವವರೂ ಇದ್ದಾರೆ, ಬಿಸಿಲು ಸಾಲದೆ ಕಾಯಿಲೆ ಬೀಳುವವರೂ ಇದ್ದಾರೆ. ಎಷ್ಟೋ ಸಲ ಇಬ್ಬರೂ ಒಂದೇ ಮನೆಯಲ್ಲಿರುತ್ತಾರೆ. ಗಂಡ ಪರ್ಸಿ ಕಲ್ಲಿನ ಖಣಿಯಲ್ಲಿ ದಿನವಿಡೀ ಬಿಸಿಲು ಕುಡಿಯುತ್ತಾನೆ. ಹೆಂಡತಿ ಬೆಳಗಾಗುವ ಮೊದಲೇ ಅಂಗಳ ಕಸ ಹೊಡೆದು ಒಳಗೆ ಹೋದರೆ ಮತ್ತೆ ಹೊರಗೆ ಬರುವುದು ಸಂಜೆಗೇ. ಈ ಇಬ್ಬರಿಗೂ ಒಂದೇ ಸಲಹೆ ಕೊಟ್ಟರೆ ಒಬ್ಬರಿಗಾದರೂ ಅದು ತಪ್ಪು ಸಲಹೆ ಆಗುತ್ತದೆ.

ನಾನು ಸೇಡಂ, ಚಿತ್ತಾಪುರ ತಾಲ್ಲೂಕುಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನರ್ಸ್ ಆಗಿದ್ದವಳು. ಈಗ ನಿವೃತ್ತಿಯಾಗಿ ಕಲಬುರಗಿಯಲ್ಲೇ ಇದ್ದೇನೆ. ಜನ ಇನ್ನೂ ಮನೆಗೆ ಬಂದು ಕೇಳುತ್ತಾರೆ. ಅದರಲ್ಲೂ ರಕ್ತ ಪರೀಕ್ಷೆಯ ಚೀಟಿ ಹಿಡಿದು ಬರುವ ಹೆಣ್ಣುಮಕ್ಕಳ ಪ್ರಶ್ನೆ ಒಂದೇ: "ನಮ್ ಊರಾಗ ಬಿಸಲಿಗೇನ್ ಕಮ್ಮಿ ಅದ ರೀ ಸಿಸ್ಟರ್? ನನಗ ಡಿ ವಿಟಮಿನ್ ಹ್ಯಾಂಗ ಕಮ್ಮಿ ಆಯ್ತು?" ಸರಿಯಾದ ಪ್ರಶ್ನೆ ಅದು. ಊರಿನ ಮೇಲೆ ಎಷ್ಟು ಬಿಸಿಲು ಬಿದ್ದರೇನು, ನಿಮ್ಮ ಚರ್ಮದ ಮೇಲೆ ಬೀಳಬೇಕಲ್ವಾ? ಅದೂ ಸರಿಯಾದ ಹೊತ್ತಿನಲ್ಲಿ, ಬೇಕಾದಷ್ಟೇ ಬೀಳಬೇಕು. ಆ ಹೊತ್ತನ್ನು ಹಿಡಿಯುವುದು ಕಷ್ಟವಲ್ಲ. ಅದಕ್ಕೆ ಯಂತ್ರ ಬೇಡ, ಮೊಬೈಲ್ ಬೇಡ, ನಿಮ್ಮ ನೆರಳು ಸಾಕು.

ಮೊದಲು ಝಳವನ್ನೂ ಬೆಳಕನ್ನೂ ಬಿಡಿಸಿ ನೋಡಿ

ಬಿಸಿಲು ಅಂದ ತಕ್ಷಣ ನಮಗೆ ನೆನಪಾಗುವುದು ಝಳ. ಆದರೆ ಡಿ ವಿಟಮಿನ್ ಮಾಡುವುದು ಝಳ ಅಲ್ಲ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ, ಮೈಗೆ ಬಿಸಿ ಅನ್ನಿಸದ ಯುವಿ-ಬಿ ಅನ್ನುವ ಕಿರಣ ಇದೆ. ಅದು ಚರ್ಮದಲ್ಲಿರುವ ಒಂದು ಬಗೆಯ ಕೊಲೆಸ್ಟ್ರಾಲ್ ಮೇಲೆ ಬಿದ್ದಾಗ ಡಿ ವಿಟಮಿನ್ನಿನ ಮೊದಲ ರೂಪ ಹುಟ್ಟುತ್ತದೆ. ಆಮೇಲೆ ಲಿವರ್, ಅದಾದ ಮೇಲೆ ಕಿಡ್ನಿ ಅದನ್ನು ದೇಹಕ್ಕೆ ಬಳಸಲು ಬರುವಂತೆ ಬದಲಾಯಿಸುತ್ತವೆ. ಈ ವಿಟಮಿನ್ ಸಾಲದಿದ್ದರೆ ನೀವು ಕುಡಿದ ಹಾಲಿನ, ತಿಂದ ಎಳ್ಳಿನ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಮಕ್ಕಳಲ್ಲಿ ಕಾಲು ಬಾಗುತ್ತದೆ. ದೊಡ್ಡವರಲ್ಲಿ ಎಲುಬು ಮೆತ್ತಗಾಗಿ ನೋಯುತ್ತದೆ.

ಸೂರ್ಯ ಕೆಳಗಿದ್ದಾಗ ಬೆಳಕು ಓರೆಯಾಗಿ, ಗಾಳಿಯ ದಪ್ಪ ಪದರ ದಾಟಿ ಬರಬೇಕು. ದಾಟುವಷ್ಟರಲ್ಲಿ ಯುವಿ-ಬಿ ಬಹುಪಾಲು ಹೀರಿಹೋಗಿರುತ್ತದೆ. ಬೆಳಗ್ಗೆ 7ಕ್ಕೆ ಅಪ್ಪನ ಕೆರೆ ಸುತ್ತಲೋ ಪಬ್ಲಿಕ್ ಗಾರ್ಡನ್‌ನಲ್ಲೋ ನಡೆಯುವವರು "ಡಿ ವಿಟಮಿನ್ ಸಿಗುತ್ತದೆ" ಅಂತ ನಂಬಿರುತ್ತಾರೆ. ಹೃದಯಕ್ಕೆ, ಸಕ್ಕರೆ ಕಾಯಿಲೆಗೆ, ರಾತ್ರಿ ನಿದ್ದೆಗೆ ಆ ನಡಿಗೆ ಬಹಳ ಒಳ್ಳೆಯದು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ದೇಹದ ಗಡಿಯಾರ ಸರಿಯಾಗಿ ಕೂರುತ್ತದೆ. ಆದರೆ ಡಿ ವಿಟಮಿನ್ ಆ ಹೊತ್ತಿನಲ್ಲಿ ಹೆಚ್ಚೇನೂ ಸಿಗುವುದಿಲ್ಲ.

ಝಳದ ಲೆಕ್ಕ ಇದಕ್ಕೆ ಹೊಂದುವುದಿಲ್ಲ. ನೆಲ, ಗೋಡೆ, ಗಾಳಿ ಕಾಯುತ್ತಾ ಕಾಯುತ್ತಾ ಮಧ್ಯಾಹ್ನ 2ರಿಂದ 4ರ ಹೊತ್ತಿಗೆ ಝಳ ತುದಿ ಮುಟ್ಟುತ್ತದೆ. ಯುವಿ ತುದಿ ಮುಟ್ಟುವುದು ಸೂರ್ಯ ನೆತ್ತಿಗೆ ಬಂದಾಗ. ಮೇ ತಿಂಗಳ ಸಂಜೆ 5ಕ್ಕೆ ಹೊರಗೆ ನಿಂತರೆ ಮೈ ಬೇಯುತ್ತದೆ, ಡಿ ವಿಟಮಿನ್ ಮಾತ್ರ ಅಷ್ಟಕ್ಕಷ್ಟೆ. ಜನವರಿ ಮಧ್ಯಾಹ್ನ 12ಕ್ಕೆ ಮೈಗೆ ಹಿತವಾಗಿರುತ್ತದೆ, ಕೆಲಸವೂ ಆಗುತ್ತದೆ. ನಮ್ಮ ಕಡೆಯವರು ಬಿಸಿಲು ಕಾಯಿಸಿಕೊಳ್ಳಬೇಕಾದ ಕಾಲ ನವೆಂಬರಿನಿಂದ ಫೆಬ್ರವರಿ. ನಾವು ಆ ನಾಲ್ಕು ತಿಂಗಳನ್ನು ಸುಮ್ನೆ ಕಳೆದುಬಿಡುತ್ತೇವೆ ಅನ್ನುವುದೇ ನನ್ನ ಚಿಂತೆ.

ನೆರಳು ಅಳೆಯುವ ರೀತಿ

ಇದನ್ನು ನಾನು ಕಲಿತದ್ದು ಮನೆಯಲ್ಲೇ. ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರಾಗಿದ್ದವರು.

ಮಾಳಿಗೆ ಮೇಲೆ ಸಮತಟ್ಟಾದ ಜಾಗದಲ್ಲಿ ನೆಟ್ಟಗೆ ನಿಲ್ಲಿ. ನೆರಳಿನಲ್ಲಿ ತಲೆಯ ತುದಿ ಎಲ್ಲಿ ಬೀಳುತ್ತದೋ ಅಲ್ಲಿ ಒಂದು ಕಲ್ಲು ಇಡಿಸಿ. ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ಅಲ್ಲಿಯವರೆಗೆ ಹೆಜ್ಜೆ ಎಣಿಸಿ. ಸಾಮಾನ್ಯವಾಗಿ ಒಬ್ಬರ ಎತ್ತರ ಅವರದೇ ಪಾದದಿಂದ ಅಳೆದರೆ ಆರೂವರೆಯಿಂದ ಏಳು ಪಾದ ಇರುತ್ತದೆ. ನೆರಳು ಏಳು ಪಾದಕ್ಕಿಂತ ಉದ್ದ ಇದ್ದರೆ ಯುವಿ-ಬಿ ಕಡಿಮೆ. ಏಳಕ್ಕೆ ಇಳಿದರೆ ಚರ್ಮ ಚೆನ್ನಾಗಿ ಕೆಲಸ ಶುರು ಮಾಡುವ ಹೊತ್ತು. ಮೂರೂವರೆಗಿಂತ ಕಡಿಮೆ ಆದರೆ ಬಿಸಿಲು ತೀಕ್ಷ್ಣ. ಕಾಯಿಸಿಕೊಳ್ಳಲು ಕೂರುವ ಹೊತ್ತಲ್ಲ ಅದು, ತಲೆ-ಮೈ ಮುಚ್ಚಿಕೊಳ್ಳುವ ಹೊತ್ತು.

ಗಡಿಯಾರಕ್ಕೆ ಹೊಂದಿಸಿ ಹೇಳುವುದಾದರೆ, ನಮ್ಮಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಿಯಾಗಿ 12ಕ್ಕೆ ಅಲ್ಲ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಕಟ್ಟಿದ್ದು. ಕಲಬುರಗಿ ಅದಕ್ಕಿಂತ ಪಶ್ಚಿಮಕ್ಕಿದೆ, 77ರ ಹತ್ತಿರ. ಹಾಗಾಗಿ ನಮ್ಮ ನಡು ಮಧ್ಯಾಹ್ನ ಹೆಚ್ಚುಕಡಿಮೆ 12:20ಕ್ಕೆ. ಡಿಸೆಂಬರ್ ಕೊನೆಯಲ್ಲಿ ನೆರಳು ನಿಮ್ಮ ಎತ್ತರಕ್ಕಿಂತ ಚಿಕ್ಕದಾಗಿರುವುದು ಬೆಳಗ್ಗೆ 11ರಿಂದ ಸುಮಾರು 1:30ರವರೆಗೆ ಮಾತ್ರ. ಅರ್ಧಕ್ಕಂತೂ ಇಳಿಯುವುದೇ ಇಲ್ಲ. ಮೇನಲ್ಲಿ ಬೆಳಗ್ಗೆ 9 ದಾಟುತ್ತಿದ್ದಂತೆ ನೆರಳು ನಿಮ್ಮಷ್ಟಾಗುತ್ತದೆ, 10:30ಕ್ಕೆ ಅರ್ಧವಾಗುತ್ತದೆ, ನಡು ಮಧ್ಯಾಹ್ನ ಕಾಲಡಿಗೆ ಸೇರಿಬಿಡುತ್ತದೆ. ಮೇ ಎರಡನೇ ವಾರದಲ್ಲೂ ಆಗಸ್ಟ್ ಮೊದಲ ವಾರದಲ್ಲೂ ಸೂರ್ಯ ಕಲಬುರಗಿಯ ನೆತ್ತಿಯ ಮೇಲೆಯೇ ಹಾದುಹೋಗುತ್ತಾನೆ. ಬೀದರ್, ಯಾದಗಿರಿಗೂ ಇದೇ ಲೆಕ್ಕ. ದಿನಾಂಕ ನಾಲ್ಕೈದು ದಿನ ಆಚೀಚೆ ಆಗಬಹುದು, ಅಷ್ಟೇ.

ಮನೆಯೊಳಗೇ ಇರುವವರಿಗೆ

ಗೃಹಿಣಿಯರು, ಮುಪ್ಪಿನವರು, ಬ್ಯಾಂಕು-ಕಚೇರಿಗಳಲ್ಲಿ ಕೂತು ಕೆಲಸ ಮಾಡುವವರು, ಓದುವ ಹುಡುಗ ಹುಡುಗಿಯರು, ಇವರಿಗೆಲ್ಲ ಈ ಭಾಗ. ಕಾಲು ಮಡಚಿ ಕೂತು ರೊಟ್ಟಿ ಬಡಿದು ಏಳುವಾಗ ನೆಲಕ್ಕೆ ಕೈ ಊರಬೇಕಾಗುತ್ತಿದೆಯಾ? ಮೆಟ್ಟಿಲು ಹತ್ತುವಾಗ ತೊಡೆಯಲ್ಲಿ ಶಕ್ತಿ ಇಲ್ಲ ಅನ್ನಿಸುತ್ತದೆಯಾ? ಮೊಣಕಾಲ ಕೆಳಗಿನ ಎಲುಬನ್ನು ಬೆರಳಿನಿಂದ ಒತ್ತಿದರೆ ನೋವಾಗುತ್ತದೆಯಾ? ಸೊಂಟ ನೋವು ತಿಂಗಳುಗಟ್ಟಲೆ ಹೋಗಿಲ್ಲವಾ? ಇದನ್ನೆಲ್ಲ ಹೆಣ್ಣುಮಕ್ಕಳು "ಬಾಣಂತನದಾಗ ಸರಿ ನೋಡಿಕೊಳ್ಳಲಿಲ್ಲ, ಅದಕ್ಕ ಹಿಂಗ" ಅಂತ ತಳ್ಳಿಬಿಡುತ್ತಾರೆ. ತಳ್ಳಬೇಡಿ. ಇದು ಡಿ ವಿಟಮಿನ್ ಕೊರತೆಯ ಲಕ್ಷಣ ಇರಬಹುದು. ತೋರಿಸಿಕೊಂಡರೆ ವಾಸಿಯಾಗುವಂಥದ್ದು.

ಚಳಿಗಾಲದಲ್ಲಿ 11ರ ನಂತರ ಮಾಳಿಗೆಗೆ ಹೋಗಿ. ಮೊಣಕೈವರೆಗೆ ಕೈ, ಮೊಣಕಾಲವರೆಗೆ ಕಾಲು, ಸಾಧ್ಯವಾದರೆ ಬೆನ್ನು ಬಿಸಿಲಿಗೆ ಬಿಡಿ. 20ರಿಂದ 30 ನಿಮಿಷ, ವಾರಕ್ಕೆ ಮೂರು ನಾಲ್ಕು ದಿನ ಆದರೂ ಆಗಲಿ. ನಮ್ಮದು ಕಪ್ಪು ಚರ್ಮ. ಅದರ ಬಣ್ಣವೇ ಯುವಿಯನ್ನು ತಡೆಯುತ್ತದೆ. ಹಾಗಾಗಿ ಬಿಳಿ ಚರ್ಮದವರಿಗೆ ಹೇಳುವ ಐದು ಹತ್ತು ನಿಮಿಷ ನಮಗೆ ಸಾಲದು. ಮುಖ ಕಪ್ಪಾಗುತ್ತದೆ ಅನ್ನುವ ಭಯ ಇದ್ದರೆ ಮುಖಕ್ಕೆ ಸೆರಗು ಹಾಕಿಕೊಳ್ಳಿ, ಬೆನ್ನು ಸೂರ್ಯನ ಕಡೆ ಮಾಡಿ ಕೂತುಕೊಳ್ಳಿ. ಮುಖ ಮೈಯ ಸಣ್ಣ ಭಾಗ. ಕೈ, ಕಾಲು, ಬೆನ್ನಿನ ಚರ್ಮವೇ ಜಾಸ್ತಿ.

ಬುರ್ಖಾ ಹಾಕುವವರು, ಹಿರಿಯರ ಮುಂದೆ ತಲೆ ಮೇಲೆ ಸೆರಗು ತೆಗೆಯದವರು ನಮ್ಮ ಊರುಗಳಲ್ಲಿ ಬಹಳ ಜನ. ಅವರ ರೂಢಿ ಅವರದು, ಅದಕ್ಕೆ ಎಲುಬು ಬೆಲೆ ತೆರಬೇಕಾಗಿಲ್ಲ. ಮಾಳಿಗೆಯ ಒಂದು ಮೂಲೆಗೆ ಎರಡು ಬಿದಿರು ನಿಲ್ಲಿಸಿ, ಅಡ್ಡ ಹಗ್ಗ ಕಟ್ಟಿ, ಹಳೆ ಸೀರೆ ಇಳಿಬಿಡಿ. ಮೇಲೆ ತೆರೆದಿರಲಿ. ಒಳಗೆ ಅಕ್ಕಪಕ್ಕದ ಹೆಂಗಸರು ಸೇರಿ ಕೂತು ತೊಗರಿ ಹಸನು ಮಾಡಬಹುದು, ಜೋಳ ಕೇರಬಹುದು, ಮಾತಾಡಬಹುದು. ಒಂದು ಹಳ್ಳಿಯಲ್ಲಿ ನಾನು ಇದನ್ನು ಹೇಳಿಕೊಟ್ಟಾಗ ಅತ್ತೆಯಂದಿರೇ ಮೊದಲು ಬಂದು ಕೂತರು. ಸೊಂಟ ನೋವು ಅವರಿಗೂ ಇತ್ತಲ್ಲ!

ಬೇಸಿಗೆಯಲ್ಲಿ ಹೊತ್ತು ಬದಲಿಸಿ. 8:30ರಿಂದ 9:15ರ ಒಳಗೆ ಮುಗಿಸಿ. ನೆರಳು ಆಗ ನಿಮಗಿಂತ ತುಸು ಉದ್ದವೇ ಇರುತ್ತದೆ, ಆದರೂ ಝಳ ಏರುವ ಮೊದಲು ಮುಗಿಸುವುದೇ ವಾಸಿ. ಶಾವಿಗೆ, ಹಪ್ಪಳ, ಸಂಡಿಗೆ ಒಣಹಾಕಲು ಹೇಗೂ ಆ ಹೊತ್ತಿಗೆ ಮೇಲೆ ಹೋಗುತ್ತೀರಿ. ಅದೇ ಕೆಲಸದಲ್ಲಿ ತೋಳು ಮೇಲೇರಿಸಿಕೊಂಡರೆ ಆಯಿತು. ಏಪ್ರಿಲ್, ಮೇನಲ್ಲಿ 42 ಡಿಗ್ರಿ ಝಳದಲ್ಲಿ ಮಧ್ಯಾಹ್ನ ಡಿ ವಿಟಮಿನ್ ಹುಡುಕಿಕೊಂಡು ಹೋಗುವುದು ಬೇಡವೇ ಬೇಡ. ಇನ್ನು ಮಳೆಗಾಲ. ತೆಳು ಮೋಡ ಇದ್ದರೂ ಸ್ವಲ್ಪ ಯುವಿ ಇಳಿದು ಬರುತ್ತದೆ. ಎರಡು ಮಳೆಯ ನಡುವೆ ಬಿಸಿಲು ಬಿದ್ದಾಗ ಹೊರಗೆ ಹೋಗಿ ಅಂತಷ್ಟೇ ಹೇಳುತ್ತೇನೆ.

ಕಿಟಕಿಯ ಗಾಜಿನ ಹಿಂದೆ ಕೂತರೆ ಉಪಯೋಗ ಇಲ್ಲ. ಗಾಜು ಯುವಿ-ಬಿಯನ್ನು ತಡೆಯುತ್ತದೆ. ಚರ್ಮವನ್ನು ಕಪ್ಪು ಮಾಡುವ, ಸುಕ್ಕು ತರುವ ಯುವಿ-ಎಯನ್ನು ಮಾತ್ರ ಒಳಗೆ ಬಿಡುತ್ತದೆ. ಲಾಭ ಇಲ್ಲದೆ ನಷ್ಟ ಮಾತ್ರ. ದಿನವಿಡೀ ಕಾರು, ಬಸ್ಸು ಓಡಿಸುವವರ ಕಿಟಕಿ ಕಡೆಯ ಕೈ, ಕೆನ್ನೆ ನೋಡಿ, ಗೊತ್ತಾಗುತ್ತದೆ.

ಜಾಸ್ತಿ ಹೊತ್ತು ಕೂತರೆ ಜಾಸ್ತಿ ವಿಟಮಿನ್ ಬರುತ್ತದಾ? ಇಲ್ಲ. ಒಂದು ಮಟ್ಟ ದಾಟಿದ ಮೇಲೆ ಚರ್ಮದಲ್ಲಿ ಹುಟ್ಟಿದ್ದನ್ನು ಬಿಸಿಲೇ ಒಡೆದುಹಾಕುತ್ತದೆ. ಆದ್ದರಿಂದ ಬಿಸಿಲಿನಿಂದ ಡಿ ವಿಟಮಿನ್ ವಿಷವಾಗುವುದಿಲ್ಲ. ಚರ್ಮ ಸುಡುವುದು ಮಾತ್ರ ಮುಂದುವರಿಯುತ್ತದೆ. ನಮ್ಮ ಚರ್ಮದಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಆದ್ದರಿಂದ ಉರಿ, ಬಿಗಿತ ಅನ್ನಿಸಿದ ಕೂಡಲೇ ಎದ್ದು ಬನ್ನಿ.

ಮಾತ್ರೆಯ ಮಾತು

ವಯಸ್ಸಾದವರ ಚರ್ಮ ಎಳೆಯರಷ್ಟು ಡಿ ವಿಟಮಿನ್ ಮಾಡುವುದಿಲ್ಲ. ದಪ್ಪ ಮೈಯವರಲ್ಲಿ ಹುಟ್ಟಿದ ವಿಟಮಿನ್ ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ಕಿಡ್ನಿ ಅಥವಾ ಲಿವರ್ ತೊಂದರೆ ಇದ್ದವರಿಗೆ ಬಿಸಿಲು ಒಂದೇ ಸಾಲದು. ಇವರಿಗೆಲ್ಲ ಮಾತ್ರೆ ಬೇಕಾಗಬಹುದು. ರಕ್ತದಲ್ಲಿ ನೋಡುವುದು 25-ಹೈಡ್ರಾಕ್ಸಿ ವಿಟಮಿನ್ ಡಿ. ಅದು ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಕೊರತೆ ಅನ್ನುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಗಮನವಿಟ್ಟು ಓದಿ. ಔಷಧಿ ಅಂಗಡಿಯಲ್ಲಿ ಸಿಗುವ 60,000 ಯೂನಿಟ್‌ನ ಪುಡಿ ಅಥವಾ ಕ್ಯಾಪ್ಸೂಲ್ ದಿನಕ್ಕೊಂದು ನುಂಗುವಂಥದ್ದಲ್ಲ. ಡಾಕ್ಟರ್ ಸಾಮಾನ್ಯವಾಗಿ ವಾರಕ್ಕೊಂದರಂತೆ, ಕೆಲವು ವಾರಕ್ಕೆ ಮಾತ್ರ ಬರೆಯುತ್ತಾರೆ. ದಿನಕ್ಕೆ ಬೇಕಾಗುವುದು 600 ಯೂನಿಟ್‌ನ ಆಸುಪಾಸು ಅಷ್ಟೇ. ಚೀಟಿ ಮುಗಿದ ಮೇಲೂ "ಚೊಲೋ ಅನಿಸ್ತದ" ಅಂತ ತಿಂಗಳಾನುಗಟ್ಟಲೆ ತೆಗೆದುಕೊಂಡರೆ, ಬೇರೆ ಬೇರೆ ಕಡೆ ಇಂಜೆಕ್ಷನ್ನೂ ಹಾಕಿಸಿಕೊಂಡರೆ, ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ, ಕಿಡ್ನಿಯಲ್ಲಿ ಕಲ್ಲು, ಕೊನೆಗೆ ಕಿಡ್ನಿಗೇ ಪೆಟ್ಟು. ಬಿಸಿಲಿನಿಂದ ಆಗದ ವಿಷ ಈ ಪುಡಿಯಿಂದ ಆಗುತ್ತದೆ.

ಊಟದಲ್ಲಿ ಸಿಗುವುದು ಕಡಿಮೆ: ಮೊಟ್ಟೆಯ ಹಳದಿ, ಮೀನು. ಹಾಲಿನ ಪ್ಯಾಕೆಟ್, ಎಣ್ಣೆ ಪ್ಯಾಕೆಟ್ ಮೇಲೆ 'ಎಫ್' ಅಕ್ಷರದ ಜೊತೆ ಕೂಡಿಸುವ ಗುರುತು ಇದ್ದರೆ ಅದಕ್ಕೆ ಎ ಮತ್ತು ಡಿ ವಿಟಮಿನ್ ಸೇರಿಸಿದ್ದಾರೆ ಅಂತ ಅರ್ಥ. ಅದನ್ನು ನೋಡಿ ತನ್ನಿ.

ಕೂಸು, ಮಕ್ಕಳು

ಹುಟ್ಟಿದ ಕೂಸಿಗೆ ಎಣ್ಣೆ ಹಚ್ಚಿ ಬಿಸಿಲಿಗೆ ಹಿಡಿಯುವುದು ನಮ್ಮಲ್ಲಿ ರೂಢಿ. ಎಳೆಬಿಸಿಲಿನಲ್ಲಿ ಸ್ವಲ್ಪ ಹೊತ್ತು ಹಿಡಿದರೆ ಯಾರೂ ಬೈಯುವುದಿಲ್ಲ. ಆದರೆ ಆರು ತಿಂಗಳಿನೊಳಗಿನ ಮಗುವಿನ ಚರ್ಮ ಬಹಳ ತೆಳು. ಮೈ ತಂಪು ಮಾಡಿಕೊಳ್ಳುವ ಶಕ್ತಿಯೂ ಕಡಿಮೆ. ಏರಿದ ಬಿಸಿಲಿಗೆ ಒಡ್ಡಬೇಡಿ. ತಾಯಿಯ ಹಾಲಿನಲ್ಲಿ ಕೂಸಿಗೆ ಬೇಕಾದದ್ದು ಬಹುಮಟ್ಟಿಗೆ ಇದೆ, ಆದರೆ ಡಿ ವಿಟಮಿನ್ ಸಾಲದು. ಮೊದಲ ಒಂದು ವರ್ಷ ದಿನಕ್ಕೆ 400 ಯೂನಿಟ್ ಹನಿ ಕೊಡಿ ಅಂತ ಮಕ್ಕಳ ಡಾಕ್ಟರ್‌ಗಳು ಹೇಳುತ್ತಾರೆ. ಲಸಿಕೆಗೆ ಹೋದಾಗ ಕೇಳಿ ಬರೆಸಿಕೊಳ್ಳಿ.

ಹಳದಿ ಕಾಮಾಲೆಗೆ ಬಿಸಿಲೇ ಮದ್ದು ಅಂತ ಮನೆಯಲ್ಲೇ ಇಟ್ಟುಕೊಳ್ಳುವುದನ್ನು ನೋಡಿದರೆ ನನಗೆ ಈಗಲೂ ಎದೆ ಹಾರುತ್ತದೆ. ಆ ನಂಬಿಕೆಗೆ ಬುಡ ಇಲ್ಲ ಅಂತಲ್ಲ. 1950ರ ದಶಕದಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬ ನರ್ಸ್ ಕೂಸುಗಳನ್ನು ಹೊರಗೆ ಬಿಸಿಲಿಗೆ ಕರೆದೊಯ್ಯುತ್ತಿದ್ದರು. ಬಿಸಿಲು ಬಿದ್ದ ಕಡೆ ಹಳದಿ ಇಳಿದು, ಬಟ್ಟೆ ಮುಚ್ಚಿದ ಕಡೆ ಹಾಗೇ ಉಳಿದದ್ದನ್ನು ಮೊದಲು ಗುರುತಿಸಿದ್ದು ಅವರು. ಇವತ್ತು ಆಸ್ಪತ್ರೆಗಳಲ್ಲಿ ಕೂಸನ್ನು ನೀಲಿ ಬೆಳಕಿನ ಕೆಳಗೆ ಮಲಗಿಸುವ ಚಿಕಿತ್ಸೆ ಬೆಳೆದದ್ದು ಆ ಒಂದು ಗಮನದಿಂದ. ಒಬ್ಬ ನರ್ಸ್ ಕಣ್ಣಿಟ್ಟು ನೋಡಿದ್ದರಿಂದ ಎಷ್ಟು ಮಕ್ಕಳು ಉಳಿದರು ಅಂತ ನೆನೆದರೆ ನನಗೆ ಹೆಮ್ಮೆ. ಆದರೆ ಅಂಗಳದ ಬಿಸಿಲು ಆ ಯಂತ್ರಕ್ಕೆ ಸಮ ಅಲ್ಲ. ಹುಟ್ಟಿದ ಮೊದಲ ದಿನವೇ ಹಳದಿ ಕಂಡರೆ, ಅಂಗೈ ಅಂಗಾಲು ಹಳದಿಯಾದರೆ, ಕೂಸು ಹಾಲು ಬಿಟ್ಟರೆ ಅಥವಾ ಎಬ್ಬಿಸಿದರೂ ಏಳದಿದ್ದರೆ ಆವತ್ತೇ ಆಸ್ಪತ್ರೆಗೆ ಹೋಗಿ. ಹಳದಿ ಮಿದುಳಿಗೆ ಏರಿದರೆ ಮತ್ತೆ ಸರಿಮಾಡಲು ಬರುವುದಿಲ್ಲ.

ಶಾಲೆಗೆ ಹೋಗುವ ಮಕ್ಕಳಿಗೆ ಬೇಕಾಗಿರುವುದು ಹೊರಗಿನ ಬೆಳಕು. ದಿನಕ್ಕೆ ಎರಡು ತಾಸು ಹೊರಗೆ ಆಡಿದ ಮಕ್ಕಳಿಗೆ ದೂರದ್ದು ಮಸುಕಾಗುವ ದೃಷ್ಟಿದೋಷ ಕಡಿಮೆ ಅಂತ ಕಂಡುಬಂದಿದೆ. ಅದಕ್ಕೆ ಸುಡುವ ಬಿಸಿಲೇ ಬೇಕಾಗಿಲ್ಲ. ಬೇವಿನ ಮರದ ನೆರಳಿನ ಬೆಳಕೂ ಮನೆಯ ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಜಾಸ್ತಿ.

ಬಿಸಿಲಿನಲ್ಲೇ ದುಡಿಯುವವರಿಗೆ

ಹೊಲ, ಪರ್ಸಿ ಖಣಿ, ರಸ್ತೆ ಕೆಲಸ, ಉದ್ಯೋಗ ಖಾತರಿ ಕೆಲಸ, ಗಂಜ್‌ನಲ್ಲಿ ಹಮಾಲಿ. ಇವರಿಗೆ ಬಿಸಿಲು ಸಾಲದು ಅನ್ನುವ ಪ್ರಶ್ನೆ ಇಲ್ಲ. ಇವರು ನೋಡಬೇಕಾದದ್ದು ಝಳವನ್ನು.

ಏಪ್ರಿಲ್, ಮೇನಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವೆ. ಫ್ಯಾನಿನ ಕೆಳಗೆ ಕೂರುವವರಿಗೇ ಆ ಸೌಲಭ್ಯ ಇರುವಾಗ ಕಲ್ಲು ಒಡೆಯುವವರಿಗೆ ಬೇಡವಾ? ಗುತ್ತಿಗೆದಾರರು, ಹೊಲದ ಮಾಲೀಕರು ಇದನ್ನು ಓದುತ್ತಿದ್ದರೆ ಕೈ ಮುಗಿದು ಕೇಳುತ್ತೇನೆ: ಕೆಲಸ ನಸುಕಿನಲ್ಲಿ ಶುರು ಮಾಡಿಸಿ, 11ಕ್ಕೆ ನಿಲ್ಲಿಸಿ, ಉಳಿದದ್ದನ್ನು ಸಂಜೆಗೆ ಇಡಿ.

ಝಳಕ್ಕೆ ಮೈ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಆದ್ದರಿಂದ ಕೆಲಸಕ್ಕೆ ಹೊಸದಾಗಿ ಸೇರಿದವರು, ಬೆಂಗಳೂರು, ಪುಣೆ, ಮುಂಬೈಯಿಂದ ಮದುವೆಗೋ ಜಾತ್ರೆಗೋ ಬಂದವರು ಮೊದಲ ದಿನಗಳಲ್ಲಿ ಹೆಚ್ಚು ಬೀಳುತ್ತಾರೆ. "ನಾ ಇದೇ ಊರಾಗ ಹುಟ್ಟಿ ಬೆಳದೀನಿ" ಅಂದರೂ ಆಗುವುದಿಲ್ಲ. ಊರು ಬಿಟ್ಟು ಇದ್ದ ಮೈ ಆ ಅಭ್ಯಾಸ ಕಳೆದುಕೊಂಡಿರುತ್ತದೆ. ಮೊದಲ ದಿನ ಅರ್ಧ ಕೆಲಸ, ಆಮೇಲೆ ನಿಧಾನಕ್ಕೆ ಏರಿಸಿ.

ಬಾಯಾರುವವರೆಗೆ ಕಾಯದೆ ಅರ್ಧ ತಾಸಿಗೊಮ್ಮೆ ನೀರು ಕುಡಿಯಿರಿ. ಬರೀ ನೀರಲ್ಲ, ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ. ಮೂತ್ರ ಗಾಢ ಹಳದಿ ಆಗಿದ್ದರೆ ನೀರು ಸಾಲುತ್ತಿಲ್ಲ. ಒಆರ್‌ಎಸ್ ಪ್ಯಾಕೆಟ್ ಇದ್ದರೆ ಒಂದು ಪೂರ್ತಿ ಪ್ಯಾಕೆಟ್ ಒಂದು ಲೀಟರ್ ನೀರಿಗೆ. ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಅದಕ್ಕಿಂತ ಜಾಸ್ತಿ ಹಾಕಬೇಡಿ. ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಬಿಸಿಲು ಬಡಿಯುವುದಿಲ್ಲ ಅನ್ನುವುದು ನಿಜ ಅಲ್ಲ. ರೊಟ್ಟಿ ಜೊತೆ ತಿನ್ನಿ, ಒಳ್ಳೆಯದು. ಜೇಬಿನ ಉಳ್ಳಾಗಡ್ಡಿ ನಂಬಿ ನೀರು ಮರೆಯಬೇಡಿ.

ತಲೆಗೆ ರುಮಾಲು ಸುತ್ತುವ ನಮ್ಮ ಹಿರಿಯರ ಪದ್ಧತಿ ಬಹಳ ಚೆನ್ನಾದದ್ದು. ತಲೆ, ಕಿವಿ, ಕತ್ತಿನ ಹಿಂಭಾಗ ಮುಚ್ಚುತ್ತದೆ, ಒದ್ದೆ ಮಾಡಿಕೊಳ್ಳಲೂ ಬರುತ್ತದೆ. ಸಡಿಲವಾದ, ಪೂರ್ತಿ ತೋಳಿನ ಹತ್ತಿ ಅಂಗಿ ಹಾಕಿ. ಇನ್ನೊಂದು ಮಾತು. ತಗಡಿನ ಶೆಡ್‌ನಲ್ಲಿ ಮಧ್ಯಾಹ್ನ ಮಲಗುವ ಮುತ್ಯಾ, ಆಯಿ ಮೇಲೆ ಬಿಸಿಲು ಬಿದ್ದಿರುವುದಿಲ್ಲ, ಆದರೂ ಝಳ ಬಡಿಯುತ್ತದೆ. ಅವರಿಗೆ ಬಾಯಾರಿಕೆಯೂ ಗೊತ್ತಾಗುವುದು ಕಡಿಮೆ. ಹೋಗಿ ನೋಡಿ, ನೀರು ಕೊಟ್ಟು ಬನ್ನಿ.

ಬಿಸಿಲು ಬಡಿದರೆ

ತಲೆ ಸುತ್ತು, ಕಾಲು ಸೆಳೆತ, ಬೆವರು, ವಾಂತಿ ಬಂದಂತಾಗುವುದು ಮೊದಲ ಹಂತ. ನೆರಳಿಗೆ ಕರೆದೊಯ್ದು, ಮಲಗಿಸಿ, ಕಾಲು ಸ್ವಲ್ಪ ಎತ್ತರಿಸಿ, ಒಆರ್‌ಎಸ್ ಕುಡಿಸಿ. ಅರ್ಧ ತಾಸಿನಲ್ಲಿ ಸುಧಾರಿಸದಿದ್ದರೆ ಆಸ್ಪತ್ರೆಗೆ.

ಮಾತು ತೊದಲಿದರೆ, ಏನೇನೋ ಬಡಬಡಿಸಿದರೆ, ಮೈ ಕೆಂಡದಂತಾಗಿದ್ದರೆ, ಫಿಟ್ಸ್ ಬಂದರೆ, ಎಚ್ಚರ ತಪ್ಪಿದರೆ ಅದು ಜೀವಕ್ಕೆ ಅಪಾಯ. ಮೈ ತಾಪ 40 ಡಿಗ್ರಿ ಸೆಲ್ಸಿಯಸ್, ಅಂದರೆ 104 ಫ್ಯಾರನ್‌ಹೀಟ್ ದಾಟಿರುತ್ತದೆ. ಬೆವರು ಇದ್ದರೂ ಇರಬಹುದು, ಅದನ್ನು ನೋಡಿ ಮೋಸ ಹೋಗಬೇಡಿ. ಒಬ್ಬರು 108ಕ್ಕೆ ಫೋನ್ ಮಾಡಲಿ. ಉಳಿದವರು ಆ ಕ್ಷಣದಿಂದಲೇ ತಂಪು ಮಾಡಲು ಶುರು ಮಾಡಿ. ಬಟ್ಟೆ ಸಡಿಲಿಸಿ, ಕೊಡಗಟ್ಟಲೆ ನೀರು ಮೈ ಮೇಲೆ ಸುರಿಯಿರಿ, ಗಾಳಿ ಬೀಸಿ. ಕತ್ತು, ಕಂಕುಳು, ತೊಡೆಸಂದಿಗೆ ಮಂಜುಗಡ್ಡೆ ಅಥವಾ ತಣ್ಣೀರ ಬಟ್ಟೆ ಇಡಿ. ಹೊಲದಲ್ಲಿ ಹೊಂಡ ಇದ್ದರೆ, ತಲೆ ನೀರಿನಿಂದ ಮೇಲೆಯೇ ಇರುವಂತೆ ಹಿಡಿದುಕೊಂಡು ಕತ್ತಿನವರೆಗೆ ನೀರಿನಲ್ಲಿ ಕೂರಿಸಿದರೂ ಆಯಿತು. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಜ್ವರದ ಮಾತ್ರೆ ಕೊಡಬೇಡಿ. ಇದು ಜ್ವರ ಅಲ್ಲ, ಪ್ಯಾರಾಸಿಟಮಾಲ್ ಕೆಲಸ ಮಾಡುವುದಿಲ್ಲ. ಗಾಡಿ ಬರುವವರೆಗೂ, ಗಾಡಿಯಲ್ಲಿ ಹೋಗುವಾಗಲೂ ತಂಪು ಮಾಡುವುದನ್ನು ನಿಲ್ಲಿಸಬೇಡಿ. ಉಳಿಯುವುದು ಬಿಡುವುದು ಈ ಮೊದಲ ಅರ್ಧ ತಾಸಿನ ಮೇಲೆ ನಿಂತಿರುತ್ತದೆ.

ಚರ್ಮ, ಕಣ್ಣು

ಕಪ್ಪು ಚರ್ಮದ ಕಾರಣ ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಕಡಿಮೆ. ಆದರೂ ಮುಖದ ಮೇಲೆ, ತುಟಿ ಮೇಲೆ ತಿಂಗಳಾದರೂ ಮಾಯದ ಹುಣ್ಣು ಇದ್ದರೆ ತೋರಿಸಿ. ಹುಟ್ಟಿನಿಂದ ಮೈಯೆಲ್ಲ ಬಿಳಿ ಇರುವವರಿಗೆ ಈ ರಕ್ಷಣೆ ಇಲ್ಲವೇ ಇಲ್ಲ. ಅವರು ಚಿಕ್ಕಂದಿನಿಂದಲೂ ಬಿಸಿಲಿನಿಂದ ಮೈ ಮುಚ್ಚಿಕೊಂಡೇ ಇರಬೇಕು. ಕೆನ್ನೆ ಮೇಲೆ ಬಂಗು ಇರುವ ಹೆಣ್ಣುಮಕ್ಕಳು ಮುಖಕ್ಕೆ ಬಿಸಿಲು ಬೀಳದಂತೆ ನೋಡಿಕೊಳ್ಳಿ. ಸನ್‌ಸ್ಕ್ರೀನ್ ಹಚ್ಚುವುದಾದರೆ ಎಸ್‌ಪಿಎಫ್ 30 ಅಥವಾ ಜಾಸ್ತಿ ಇರಲಿ. ಮುಖ ಮತ್ತು ಕತ್ತಿಗೆ ಎರಡು ಬೆರಳು ಉದ್ದದಷ್ಟು ಬೇಕು. ಬೆವರಿದರೆ ಎರಡು ತಾಸಿಗೆ ಮತ್ತೆ ಹಚ್ಚಬೇಕು. ದುಬಾರಿ ಅನ್ನಿಸಿದರೆ ಛತ್ರಿ, ದುಪಟ್ಟಾ ಇದ್ದೇ ಇವೆ.

ತೊನ್ನು ಇರುವವರಿಗೆ ಒಂದು ಮಾತು. ಬಾವಂಚಿ ಬೀಜದ ಎಣ್ಣೆ ಹಚ್ಚಿ ಬಿಸಿಲಿಗೆ ಕೂರಿ ಅಂತ ಯಾರೋ ಹೇಳುತ್ತಾರೆ. ಆ ಬೀಜದಲ್ಲಿ ಚರ್ಮವನ್ನು ಬಿಸಿಲಿಗೆ ಹೆಚ್ಚು ಸೂಕ್ಷ್ಮ ಮಾಡುವ ಅಂಶ ನಿಜವಾಗಿಯೂ ಇದೆ. ಅದಕ್ಕೇ ಅಪಾಯ. ಅಳತೆ ತಪ್ಪಿದರೆ ದೊಡ್ಡ ಬೊಬ್ಬೆ ಏಳುತ್ತವೆ. ಬೆಳಕಿನ ಚಿಕಿತ್ಸೆ ಬೇಕಿದ್ದರೆ ಅಳತೆ ಮಾಡಿ ಕೊಡುವ ಯಂತ್ರ ಚರ್ಮದ ಡಾಕ್ಟರ್ ಬಳಿ ಇರುತ್ತದೆ. ಅದೇ ರೀತಿ ನಿಂಬೆರಸ ಮೈಗೆ ಹಚ್ಚಿಕೊಂಡು ಬಿಸಿಲಿಗೆ ಹೋಗಬೇಡಿ. ಸುಟ್ಟ ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ಬಿಸಿಲು, ದೂಳಿನಲ್ಲಿ ವರ್ಷಗಟ್ಟಲೆ ದುಡಿದವರ ಕಣ್ಣಿನ ಬಿಳಿಭಾಗದಿಂದ ಕಪ್ಪುಗುಡ್ಡೆ ಮೇಲೆ ಮಾಂಸದ ಪೊರೆ ಬೆಳೆಯುತ್ತದೆ. ಕಣ್ಣಿನ ಪೊರೆಯೂ ಬೇಗ ಬರಬಹುದು. ಕನ್ನಡಕ ಕೊಳ್ಳುವಾಗ ಯುವಿ 400 ಅಂತ ಬರೆದಿರುವುದನ್ನೇ ಕೊಳ್ಳಿ. ಸುಮ್ನೆ ಕಪ್ಪು ಬಣ್ಣದ ಗಾಜು ಹಾಕಿದರೆ ಕತ್ತಲಿಗೆ ಕಣ್ಣಿನ ಪಾಪೆ ಅಗಲವಾಗಿ ಯುವಿ ಇನ್ನೂ ಜಾಸ್ತಿ ಒಳಗೆ ಹೋಗಬಹುದು. ಗ್ರಹಣದ ದಿನ ಬರಿಗಣ್ಣಿನಿಂದ ಸೂರ್ಯನನ್ನು ನೋಡಬೇಡಿ. ಎಕ್ಸ್‌ರೇ ಹಾಳೆ ಹಿಡಿದೂ ಬೇಡ.

ಮಾತ್ರೆ ತೆಗೆದುಕೊಳ್ಳುವವರು ಕೇಳಬೇಕಾದ ಪ್ರಶ್ನೆ

ಕೆಲವು ಔಷಧಿಗಳಿಗೂ ಬಿಸಿಲಿಗೂ ಆಗಿಬರುವುದಿಲ್ಲ. ಸೋಂಕಿಗೆ ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆ ತೆಗೆದುಕೊಳ್ಳುವಾಗ ಸಣ್ಣ ಬಿಸಿಲಿಗೂ ಚರ್ಮ ಸುಡಬಹುದು. ಬಿಪಿಗೆ, ಕಾಲು ಬಾವಿಗೆ ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆಯಿಂದ ಬೇಸಿಗೆಯಲ್ಲಿ ನೀರು, ಉಪ್ಪು ಎರಡೂ ಬೇಗ ಇಳಿಯುತ್ತವೆ. ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳು ಬೆವರುವುದನ್ನೇ ತಡೆಯುತ್ತವೆ. ಲೂಪಸ್, ಅಂದರೆ ಮೈಯ ರಕ್ಷಣಾ ಶಕ್ತಿಯೇ ಮೈ ಮೇಲೆ ತಿರುಗಿಬೀಳುವ ಕಾಯಿಲೆ, ಇದ್ದವರಿಗೆ ಬಿಸಿಲೇ ಕಾಯಿಲೆಯನ್ನು ಕೆರಳಿಸುತ್ತದೆ. ಹಾಗಂತ ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಹೃದಯ, ಕಿಡ್ನಿ ತೊಂದರೆ ಇದ್ದು ಡಾಕ್ಟರ್ ನೀರನ್ನು ಅಳತೆ ಮಾಡಿ ಕುಡಿಯಲು ಹೇಳಿದ್ದರೆ, ನಾನು ಮೇಲೆ ಹೇಳಿದ ಮಜ್ಜಿಗೆ, ಉಪ್ಪಿನ ನೀರಿನ ಮಾತು ನಿಮಗಲ್ಲ. ಫೆಬ್ರವರಿಯಲ್ಲೇ, ಝಳ ಏರುವ ಮೊದಲು, ಎಲ್ಲ ಮಾತ್ರೆಗಳ ಚೀಟಿ ಹಿಡಿದು ಡಾಕ್ಟರ್ ಹತ್ತಿರ ಹೋಗಿ ಎರಡು ಪ್ರಶ್ನೆ ಕೇಳಿ: "ಇವು ತೊಗೊಂಡು ಬಿಸಲಾಗ ಕೆಲಸ ಮಾಡಬಹುದಾ? ಬ್ಯಾಸಗ್ಯಾಗ ದಿನಕ್ಕ ಎಷ್ಟು ನೀರು ಕುಡೀಲಿ?" ಉತ್ತರವನ್ನು ಅದೇ ಚೀಟಿಯ ಹಿಂದೆ ಬರೆಸಿಕೊಂಡು ಬನ್ನಿ.